ಆಯಿ ಕೇಳಿದ ಮರ: ಒಂದು ಹಿಕರಿ ಗುರುತಿಸಲು ಹಿಡಿದ ಒಂದು ವರ್ಷ

ಹೋದ ವಾರ ನನಗೆ ಒಂದು ಮರದ ಹೆಸರು ಹೇಳುವ ಎರಡು ಸಾಲಿನ ಒಂದು ಇಮೇಲ್ ಬಂತು. ಅದಕ್ಕಾಗಿ ಸರಿಯಾಗಿ ಒಂದು ವರ್ಷ ಓಡಾಡಿದ್ದೇನೆ. ಅಮೆರಿಕದ ಪೂರ್ವ ಭಾಗದಲ್ಲಿ ಇರುವ, ವಾರಾಂತ್ಯಕ್ಕೆ ಕಾಡಿಗೆ ಹೋಗುವ ಕನ್ನಡದವರು ತುಂಬ ಜನ ಇದ್ದೀರಿ. ನಿಮ್ಮಲ್ಲಿ ಯಾರಿಗಾದರೂ ಹಿಕರಿ ಅನ್ನುವ ಇಲ್ಲಿಯ ಕಾಡುಮರದ ಗುರುತು ಹಿಡಿಯುವ ಆಸೆ ಹುಟ್ಟಿದರೆ, ನಾನು ಕಳೆದಷ್ಟು ತಿಂಗಳು ನೀವು ಕಳೆಯಬೇಕಾಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು ಕಳೆದ ಅಕ್ಟೋಬರ್‌ನಲ್ಲಿ. ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಮನೆಯಿಂದ ಹದಿನೈದು ನಿಮಿಷ ಹೋದರೆ ಅಮ್‌ಸ್ಟೆಡ್ ಸ್ಟೇಟ್ ಪಾರ್ಕ್. ಶಿರಸಿಯಿಂದ ಆಯಿ, ಅಂದರೆ ನನ್ನ ಅಮ್ಮ, ಬಂದಿದ್ದಳು. ಅವಳಿಗೆ ಮಾಲ್ ಬೇಡ, ಬೀಚ್ ಬೇಡ, ದಿನಾ ಸಂಜೆ ಕಾಡಿನಲ್ಲಿ ನಡೆಯಬೇಕು. ಒಂದು ದಿನ ದಾರಿಯ ಪಕ್ಕದ ಏರಿನಲ್ಲಿ ನಿಂತುಬಿಟ್ಟಳು. ನೆಟ್ಟಗೆ ಬೆಳೆದ ದೊಡ್ಡ ಮರ. ಎಲೆಯೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ ಕಾಯಿಗಳು ಬಿದ್ದಿದ್ದವು.

"ಕೂಸೇ, ಇದು ಎಂತಾ ಮರನೇ?"

ಗೊತ್ತಿಲ್ಲ ಆಯಿ ಅಂದೆ. ಅವಳು ಬೈಯಲಿಲ್ಲ, ಅಚ್ಚರಿಯಿಂದ ನನ್ನ ಮುಖ ನೋಡಿದಳು. "ಇಲ್ಲಿಗೆ ಬಂದು ಹನ್ನೊಂದು ವರ್ಷ ಆತು. ಮನೆ ಹತ್ರದ ಮರದ ಹೆಸರು ಗೊತ್ತಿಲ್ಯನೇ?"

ಆ ಮಾತು ನನಗೆ ನಾಟಿತು. ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಆಯಿಗೆ ಹೆಸರು ಗೊತ್ತಿಲ್ಲದ ಮರವೇ ಇಲ್ಲ. ಮೊಸಳೆ ಚರ್ಮದಂಥ ತೊಗಟೆ ಇದ್ದರೆ ಮತ್ತಿ. ನುಣುಪಾಗಿ ಬೆಳ್ಳಗಿದ್ದರೆ ನಂದಿ. ಕೆತ್ತಿದಾಗ ಕೆಂಪು ಅಂಟು ಬಂದರೆ ಹೊನ್ನೆ. ಚಿಕ್ಕವಳಿದ್ದಾಗ ಅವಳ ಹಿಂದೆ ಸೊಪ್ಪಿನ ಹೊರೆಗೆ ಹೋಗುತ್ತಾ ನಾನೂ ಇದನ್ನೆಲ್ಲ ಕಲಿತವಳೇ. ಇಲ್ಲಿ ಮಾತ್ರ ಕಾಡು ಅಂದರೆ ಬರೀ ಹಸಿರು ಗೋಡೆ ಅಂದುಕೊಂಡು ಇದ್ದುಬಿಟ್ಟಿದ್ದೆ.

ಅವತ್ತೇ ಫೋನಿನ ಆ್ಯಪ್‌ನಲ್ಲಿ ಎಲೆಯ ಫೋಟೊ ಹಾಕಿದೆ. ಮೊದಲನೇ ಸಲ ಅಕ್ರೋಟ್ ಅಂತ ಬಂತು. ತೊಗಟೆಯ ಫೋಟೊ ಹಾಕಿದರೆ ಆ್ಯಶ್ ಮರ ಅಂತ ಬಂತು. ಕಾಯಿ ಹಾಕಿದಾಗ 'ಹಿಕರಿ' ಅಂತ ಬಂತು, ಆದರೆ ಯಾವ ಹಿಕರಿ ಅಂತ ಇಲ್ಲ. ಒಂದೇ ಮರ, ಮೂರು ಉತ್ತರ. ಆಯಿ ಫೋನ್ ಕಡೆ ನೋಡಲೂ ಇಲ್ಲ. ಕೂತುಕೊಂಡು ಕಾಯಿ ತಿರುಗಿಸಿ ನೋಡುತ್ತಿದ್ದಳು. "ನೋಡು, ಸಿಪ್ಪೆ ನಾಲ್ಕು ಹೋಳಾಗಿ ಬಿಡ್ತು" ಅಂದಳು. ಇಡೀ ವರ್ಷದಲ್ಲಿ ನನಗೆ ಸಿಕ್ಕ ಅತಿ ಮುಖ್ಯ ಗುರುತು ಅದೇ ಅಂತ ಅವತ್ತು ನನಗೆ ಗೊತ್ತಾಗಲಿಲ್ಲ.

ಯಾಕೆ ಮುಖ್ಯ ಅಂದರೆ, ಹಿಕರಿ ಮತ್ತು ಅಕ್ರೋಟ್ ಎರಡೂ ಒಂದೇ ಕುಟುಂಬದ ಮರಗಳು. ನಾವು ಇಲ್ಲಿ ಅಂಗಡಿಯಿಂದ ತರುವ ಪೆಕಾನ್ ಕೂಡ ಒಂದು ಹಿಕರಿಯೇ. ಈ ಕಡೆಯ ಕಾಡಿನಲ್ಲಿ ಸಿಗುವ ಕಪ್ಪು ಅಕ್ರೋಟ್‌ನ ಹೊರಸಿಪ್ಪೆ ಬಿರಿಯುವುದಿಲ್ಲ. ಇಡೀ ಚೆಂಡಿನ ಹಾಗೆ ಬಿದ್ದು, ಕಪ್ಪಾಗಿ ಕೊಳೆತು, ಕೈಗೆ ಬಣ್ಣ ಹಚ್ಚುತ್ತದೆ. ಹಿಕರಿಯ ಸಿಪ್ಪೆ ನಾಲ್ಕು ಗೆರೆಗಳಲ್ಲಿ ಸೀಳಿಕೊಳ್ಳುತ್ತದೆ. ಬುಡದಲ್ಲಿ ಕಿತ್ತಳೆ ಸಿಪ್ಪೆ ಸುಲಿದು ಹಾಕಿದಂಥ ಕಾಲುಭಾಗದ ತುಂಡುಗಳು ಕಂಡರೆ, ಹತ್ತಿರದಲ್ಲಿ ಹಿಕರಿ ಇದೆ ಅಂತಲೇ ಲೆಕ್ಕ.

ನವೆಂಬರ್ ಪೂರ್ತಿ ನಾನು ಎಲೆ ಎಣಿಸುವುದರಲ್ಲಿ ಹಾಳು ಮಾಡಿದೆ. ಕರಿಬೇವಿನ ಒಂದು ಕಡ್ಡಿ ಅಂದರೆ ಗಿಡದ ಲೆಕ್ಕದಲ್ಲಿ ಅದು ಒಂದೇ ಎಲೆ, ಅದರಲ್ಲಿರುವವು ಕಿರುಎಲೆಗಳು. ಹಿಕರಿಯದ್ದೂ ಹಾಗೇ. ಕಪ್ಪು ಅಕ್ರೋಟ್‌ನ ಒಂದು ಕಡ್ಡಿಯಲ್ಲಿ ಸಾಮಾನ್ಯವಾಗಿ ಹದಿನೈದು ಅಥವಾ ಅದಕ್ಕಿಂತ ಜಾಸ್ತಿ ಕಿರುಎಲೆ ಇರುತ್ತವೆ. ಕಾಡಿನ ಹಿಕರಿಗಳಲ್ಲಿ ಸಾಮಾನ್ಯವಾಗಿ ಐದು, ಏಳು ಅಥವಾ ಒಂಬತ್ತು. ಇಷ್ಟು ಓದಿಕೊಂಡು ಹೋದೆ. ಆದರೆ ಉದುರುವ ಕಾಲಕ್ಕೆ ಕಿರುಎಲೆಗಳು ಬಿಡಿಬಿಡಿಯಾಗಿ ಬೀಳುತ್ತವೆ, ಕಡ್ಡಿ ಬೇರೆಯೇ ಬೀಳುತ್ತದೆ. ಜೊತೆಗೆ ಪಕ್ಕದ ಓಕ್‌ನದ್ದು, ಟ್ಯೂಲಿಪ್ ಮರದ್ದು ಎಲ್ಲ ಸೇರಿ ಒಂದೇ ರಾಶಿ. ಯಾವುದು ಯಾವ ಮರದ್ದು ಅಂತ ಹೇಗೆ ಹೇಳುವುದು? ನೀವು ಶುರು ಮಾಡುವುದಾದರೆ ನವೆಂಬರ್‌ನಲ್ಲಿ ಎಲೆ ನಂಬಬೇಡಿ. ಮೇ ಕೊನೆಯ ತನಕ ಎಲೆಯ ವಿಷಯ ಬಿಟ್ಟುಬಿಡಿ.

ಜನವರಿಯಲ್ಲಿ ಆಯಿ ಊರಿಗೆ ಹೊರಟಳು. ಬ್ಯಾಗ್ ಕಟ್ಟುವಾಗ ಅವಳ ಸ್ವೆಟರ್ ಜೇಬಿನಲ್ಲಿ ಆ ಕಾಯಿ ಸಿಕ್ಕಿತು. ಸಿಪ್ಪೆ ಬಿಟ್ಟು, ಒಳಗಿನ ಗಟ್ಟಿ ಬೀಜ ಒಂದೇ. ಬೆಟ್ಟದ ಅಂಚಿಗೆ ಹಾಕಿ ನೋಡುತ್ತೇನೆ ಅಂದಳು. ಬೇಡ ಆಯಿ ಅಂದೆ. ಬಿತ್ತುವ ಬೀಜವನ್ನು ಬೇರೆ ದೇಶದಿಂದ ಭಾರತಕ್ಕೆ ಒಯ್ಯಲು ಮೊದಲೇ ಪರವಾನಗಿ ಬೇಕು, ಜೊತೆಗೆ ರೋಗ ಕೀಟ ಇಲ್ಲ ಅಂತ ಇಲ್ಲಿಯ ಸರ್ಕಾರದ ಪ್ರಮಾಣಪತ್ರವೂ ಬೇಕು. ಈ ಕಾಗದಪತ್ರ ಇಲ್ಲದೆ ಯಾರೂ ಬೀಜ ಒಯ್ಯಬೇಡಿ. ಇಲ್ಲಿಂದ ಹೋದ ಒಂದು ಹುಳ ನಮ್ಮ ಬೆಟ್ಟದಲ್ಲಿ ಏನು ಮಾಡುತ್ತದೋ ಹೇಳಲಾಗುವುದಿಲ್ಲ. ಆಯಿ ಅರ್ಥ ಮಾಡಿಕೊಂಡಳು. ಬೀಜವನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು ಹೋದಳು. ಕಾಡಿನಿಂದ ಒಂದು ಬೀಜ ತರುವುದಕ್ಕೂ ಕೇಳಬೇಕಿತ್ತು ಅಂತ ನನಗೆ ಆಮೇಲೆ ಅನ್ನಿಸಿತು. ಒಂದೊಂದು ಕಾಡಿನ ನಿಯಮ ಒಂದೊಂದು ಥರ. ಅವತ್ತಿನಿಂದ ನಾನು ಅಲ್ಲಿಂದ ಏನನ್ನೂ ತರಲಿಲ್ಲ. ಎಲ್ಲ ಅಲ್ಲೇ ನೋಡಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದೆ.

ಚಳಿಗಾಲದಲ್ಲಿ ಮರ ಬೋಳಾದಾಗ ನಿಜವಾದ ಕಲಿಕೆ ಶುರುವಾಯಿತು. 65 ಡಾಲರ್ ಕೊಟ್ಟು ಒಂದು ದುರ್ಬೀನು ತಗೊಂಡೆ. ಮೊದಲು ನೋಡಬೇಕಾದ್ದು ಸಣ್ಣ ರೆಂಬೆಗಳು ಕೊಂಬೆಗೆ ಹೇಗೆ ಅಂಟಿಕೊಂಡಿವೆ ಅಂತ. ತುಳಸಿಯ ಎಲೆ, ಕಾಫಿಯ ಎಲೆ ಜೋಡಿಜೋಡಿಯಾಗಿ ಎದುರುಬದುರು ಇರುತ್ತವಲ್ವಾ? ಆ್ಯಶ್ ಮರದ್ದು ಹಾಗೆ. ಹಿಕರಿಯದ್ದು ದಾಸವಾಳದ ಹಾಗೆ, ಒಂದು ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ. ನನ್ನ ಮರದ್ದು ಎದುರುಬದುರು ಇರಲಿಲ್ಲ. ಆ್ಯಶ್ ಅಲ್ಲ ಅಂತ ಖಚಿತ ಆಯಿತು. ಗಾಳಿಗೆ ಬಿದ್ದಿದ್ದ ಒಂದು ಸಣ್ಣ ರೆಂಬೆ ಸೀಳಿಕೊಂಡಿತ್ತು, ಅದರ ನಡುವಿನ ತಿರುಳು ಗಟ್ಟಿಯಾಗಿತ್ತು. ಅಕ್ರೋಟ್ ಆಗಿದ್ದರೆ ತಿರುಳಿನಲ್ಲಿ ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಗೂಡುಗಳು ಇರುತ್ತಿದ್ದವು.

ಫೆಬ್ರವರಿಯಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮರದ ತೊಗಟೆ ಹತ್ತಿರದಿಂದ ನೋಡೋಣ ಅಂತ ಕಾಂಡಕ್ಕೆ ಎರಡೂ ಕೈ ಒತ್ತಿ ನಿಂತೆ. ಕಾಂಡದ ಮೇಲೆ ಹೆಬ್ಬೆರಳು ದಪ್ಪದ ಒಂದು ಬಳ್ಳಿ ಹತ್ತಿತ್ತು. ಒಂದೂ ಎಲೆ ಇಲ್ಲ, ಮೈತುಂಬ ಕಂದು ಕೂದಲಿನಂಥ ಬೇರು. ಒಣಗಿದ ಹಗ್ಗ ಅಂದುಕೊಂಡು ಪಕ್ಕಕ್ಕೆ ಸರಿಸಿದೆ. ಅದು ಪಾಯ್ಸನ್ ಐವಿ. ಎಲೆ ಇಲ್ಲದ ಚಳಿಗಾಲದಲ್ಲೂ ಅದರ ಎಣ್ಣೆ ತಾಗಿದರೆ ಸುಡುತ್ತದೆ. ಗೋಡಂಬಿ ಚಿಪ್ಪಿನ ಎಣ್ಣೆ ಕೈಗೆ ತಾಗಿದರೆ ಹೇಗೆ ಗುಳ್ಳೆ ಏಳುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಇದೂ ಗೇರಿನ ಕುಟುಂಬದ ಗಿಡವೇ. ಎರಡು ದಿನದಲ್ಲಿ ಮುಂಗೈ, ಕುತ್ತಿಗೆ, ಕಣ್ಣಿನ ರೆಪ್ಪೆ ಎಲ್ಲ ಊದಿತು. ರಾತ್ರಿ ನಿದ್ದೆ ಇಲ್ಲ. ಕ್ಲಿನಿಕ್‌ನಲ್ಲಿ ಎರಡೂವರೆ ಗಂಟೆ ಕಾದೆ. ನನ್ನ ಪಾಲಿನ ಬಿಲ್ 75 ಡಾಲರ್, ಮಾತ್ರೆಗೆ 12. ಪೂರ್ತಿ ವಾಸಿಯಾಗಲು ಮೂರು ವಾರ ಹಿಡಿಯಿತು. ಕಾಂಡದ ಮೇಲೆ ಕೂದಲಿನ ಹಗ್ಗ ಕಂಡರೆ ಮುಟ್ಟಬೇಡಿ. ತಾಗಿತು ಅನ್ನಿಸಿದರೆ ತಡಮಾಡದೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಹಾಕಿದ್ದ ಬಟ್ಟೆಯನ್ನೂ ಬೇರೆಯಾಗಿ ತೊಳೆಯಿರಿ.

ಆ ಮೂರು ವಾರ ಮನೆಯಲ್ಲಿ ಕೂತು ಓದಿದೆ. 22 ಡಾಲರ್‌ನ ಒಂದು ಮರಗಳ ಪುಸ್ತಕ, ಲೈಬ್ರರಿಯಿಂದ ಇನ್ನೊಂದು ಹಳೆಯದು. ನಮ್ಮ ಸುತ್ತಮುತ್ತಲಿನ ಕಾಡುಗಳಲ್ಲೇ ಐದಾರು ಥರದ ಹಿಕರಿ ಇವೆ ಅಂತ ಆಗ ತಿಳಿಯಿತು. ಶ್ಯಾಗ್‌ಬಾರ್ಕ್ ಅನ್ನೋದು ಸುಲಭ. ಅದರ ತೊಗಟೆ ಉದ್ದುದ್ದ ಹಲಗೆಗಳಾಗಿ ಎದ್ದು, ಮೇಲೂ ಕೆಳಗೂ ಹೊರಕ್ಕೆ ಬಾಗಿರುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬಿಟರ್‌ನಟ್ ಕೂಡ ಚಳಿಗಾಲದಲ್ಲಿ ಸುಲಭ, ಅದರ ಎಲೆಮೊಗ್ಗು ಗಂಧಕದ ಹಾಗೆ ಹಳದಿ. ಕಷ್ಟ ಇರುವುದು ತೊಗಟೆ ಬಿಗಿಯಾಗಿ ಅಂಟಿಕೊಂಡಿರುವ ಉಳಿದವುಗಳಲ್ಲಿ, ಅದರಲ್ಲೂ ಮಾಕರ್‌ನಟ್ ಮತ್ತು ಪಿಗ್‌ನಟ್‌ನಲ್ಲಿ. ಎರಡರ ತೊಗಟೆಯೂ ಮೀನಿನ ಬಲೆ ಹಾಸಿದ ಹಾಗೆ ಹೆಣೆದುಕೊಂಡಿರುತ್ತದೆ. ನನ್ನ ಮರ ಇವೆರಡರಲ್ಲಿ ಒಂದು ಅನ್ನುವಲ್ಲಿಗೆ ಬಂದು ನಿಂತೆ.

ಇಲ್ಲೇ ಇನ್ನೊಂದು ಗೊಂದಲ. ಹೊಸ ಪುಸ್ತಕದಲ್ಲಿ ಮಾಕರ್‌ನಟ್‌ಗೆ ಕ್ಯಾರಿಯಾ ಟೊಮೆಂಟೋಸಾ ಅಂತ ಹೆಸರು. ಹಳೆಯದರಲ್ಲಿ ಕ್ಯಾರಿಯಾ ಆಲ್ಬಾ. ಎರಡು ಬೇರೆ ಬೇರೆ ಮರ ಅಂದುಕೊಂಡು ನಾಲ್ಕು ದಿನ ಒದ್ದಾಡಿದೆ. ಎರಡೂ ಒಂದೇ ಮರ, ಹೆಸರಷ್ಟೇ ಬದಲಾಗಿದೆ. ನೀವೂ ಹಳೆಯ ಪುಸ್ತಕ ನೋಡುವುದಾದರೆ ಇದು ನೆನಪಿರಲಿ.

ಏಪ್ರಿಲ್‌ನಲ್ಲಿ ಮೊಗ್ಗು ಒಡೆಯುವುದನ್ನು ನೋಡಿದ್ದು ನನಗೆ ಈ ವರ್ಷದ ದೊಡ್ಡ ಸಂತೋಷ. ತುದಿಯ ದಪ್ಪ ಮೊಗ್ಗಿನ ಪೊರೆಗಳು ಹೂವಿನ ಎಸಳಿನ ಹಾಗೆ ಹಿಂದಕ್ಕೆ ಮಡಚಿಕೊಂಡವು. ನಡುವೆ ಮುಷ್ಟಿ ಬಿಗಿದ ಮಗುವಿನ ಕೈಯಂತೆ ಎಲೆ. ದೂರದಿಂದ ಮರವೇ ಹೂ ಬಿಟ್ಟ ಹಾಗೆ ಕಾಣುತ್ತಿತ್ತು. ನಾಲ್ಕೈದು ದಿನ ಅಷ್ಟೇ. ಆಯಿಗೆ ಫೋಟೊ ಕಳಿಸಿದೆ. "ಹೆಸರು ಸಿಕ್ತಾ?" ಅಂತ ಕೇಳಿದಳು.

ಜೂನ್‌ನಲ್ಲಿ ಗುಡುಗು ಮಳೆ ಬಂದ ಮರುದಿನ ಬೆಳಿಗ್ಗೆಯೇ ಓಡಿದೆ. ಬುಡದಲ್ಲಿ ಎಲೆ ಸಮೇತ ಒಂದು ರೆಂಬೆ ಬಿದ್ದಿತ್ತು. ಇದೇ ಮರದ್ದಾ ಅಂತ ಮೊದಲು ದುರ್ಬೀನಿನಲ್ಲಿ ಮೇಲೆ ನೋಡಿ, ಮುರಿದ ಹಸಿ ಗಾಯ ಹುಡುಕಿದೆ. ಸಿಕ್ಕಿತು. ಆಮೇಲೆ ಎಣಿಸಿದೆ. ಕಡ್ಡಿಗೆ ಏಳು ಕಿರುಎಲೆ, ಒಂದರಲ್ಲಿ ಒಂಬತ್ತು. 14 ಡಾಲರ್‌ನ ಹತ್ತುಪಟ್ಟು ದೊಡ್ಡದು ಮಾಡುವ ಮಸೂರವನ್ನು ಕಣ್ಣಿಗೆ ಹಿಡಿದು ಎಲೆಯ ಕಡ್ಡಿ ನೋಡಿದೆ. ಬರಿಗಣ್ಣಿಗೆ ಮಂಕಾಗಿ ಕಂಡಿದ್ದು ಮಸೂರದಲ್ಲಿ ಎಮ್ಮೆಕರುವಿನ ಕಿವಿಯಂತೆ ರೋಮಮಯ. ಎಲೆಯ ಕೆಳಮೈಯಲ್ಲೂ ರೋಮ. ಒಂದು ಕಿರುಎಲೆ ಬೆರಳಲ್ಲಿ ಉಜ್ಜಿದೆ. ಖಾರ ಬೆರೆತ ಸಿಹಿ ವಾಸನೆ, ಕೈ ಬೆವರಿದರೂ ಹೋಗದ ವಾಸನೆ. ಪಿಗ್‌ನಟ್ ಆಗಿದ್ದರೆ ಕಡ್ಡಿ ನುಣುಪಾಗಿರಬೇಕು, ಕಿರುಎಲೆ ಸಾಮಾನ್ಯವಾಗಿ ಐದು. ಮಾಕರ್‌ನಟ್ ಅಂತ ನನ್ನ ಮನಸ್ಸು ಅಲ್ಲೇ ಹೇಳಿತು.

(ಜೂನ್‌ನಲ್ಲಿ ಹೋಗುವವರಿಗೆ ಒಂದು ಮಾತು. ರಕ್ತ ಹೀರುವ ಉಣ್ಣಿಗಳ ಕಾಟ ಜಾಸ್ತಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಬಟ್ಟೆಗೆ ಹೊಡೆಯುವ ಸ್ಪ್ರೇ 16 ಡಾಲರ್, ತಪ್ಪದೆ ತಗೊಳ್ಳಿ. ಮನೆಗೆ ಬಂದು ಮೈಯೆಲ್ಲ ಹುಡುಕಿ, ಕಿವಿಯ ಹಿಂದೆ, ಮಂಡಿಯ ಹಿಂದೆ.)

ಫೋಟೊಗಳನ್ನೆಲ್ಲ ಜೋಡಿಸಿ ಒಂದು ವಿಶ್ವವಿದ್ಯಾಲಯದ ಒಣಗಿಡಗಳ ಸಂಗ್ರಹಾಲಯಕ್ಕೆ ಇಮೇಲ್ ಮಾಡಿದೆ. ಇದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ಐದು ವಾರ ಉತ್ತರ ಇಲ್ಲ. ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತಿದ್ದೆ. ಬಂದ ಉತ್ತರ ಚಿಕ್ಕದು: ಹಿಕರಿ ನಿಜ, ಜಾತಿ ಹೇಳಲು ಇಷ್ಟು ಸಾಲದು, ಹೊರಸಿಪ್ಪೆಯ ದಪ್ಪ ಮತ್ತು ಶರತ್ಕಾಲದ ತುದಿಮೊಗ್ಗು ಬೇಕು. ಅವತ್ತು ಬೇಜಾರಾಯಿತು, ಕಣ್ಣಲ್ಲಿ ನೀರೇ ಬಂತು. ಈಗ ಯೋಚಿಸಿದರೆ ಅವರು ಹೇಳಿದ್ದೇ ಸರಿ. ಹಿಕರಿಗಳು ಒಂದರ ಜೊತೆ ಒಂದು ಬೆರೆತು ಮಿಶ್ರ ಮರಗಳೂ ಹುಟ್ಟುತ್ತವೆ. ಒಂದು ಎಲೆ ನೋಡಿ ಹೆಸರಿಡಲು ಆಗುವುದಿಲ್ಲ. ಮೊಗ್ಗು, ಎಲೆ, ಸಿಪ್ಪೆ, ಬೀಜ ಎಲ್ಲ ಒಂದೇ ಮಾತು ಹೇಳಬೇಕು, ಅದಕ್ಕೆ ಒಂದು ವರ್ಷದ ಸುತ್ತು ಬೇಕೇ ಬೇಕು.

ಆಗಸ್ಟ್‌ನಲ್ಲಿ ಹೊಸ ಆತಂಕ. ದುರ್ಬೀನಿನಲ್ಲಿ ಎಷ್ಟು ಹುಡುಕಿದರೂ ಕಾಯಿ ಕಾಣಲಿಲ್ಲ. ನಮ್ಮಲ್ಲಿ ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಹಿಡಿಯುವ ಹಾಗೆ, ಮಾಕರ್‌ನಟ್ ಕೂಡ ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಚೆನ್ನಾಗಿ ಕಾಯಿ ಬಿಡುತ್ತದೆ. ಕಳೆದ ವರ್ಷ ಬುಡದ ತುಂಬ ಬಿದ್ದಿತ್ತು. ಈ ವರ್ಷ ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕಾ ಅಂತ ಚಿಂತೆ ಹತ್ತಿತು.

ದಾರಿ ತೋರಿಸಿದ್ದು ನಮ್ಮ ಬೀದಿಯ ಕೊನೆಯ ಮನೆಯ ಅಜ್ಜ. ಇಲ್ಲೇ ಹುಟ್ಟಿ ಬೆಳೆದವರು. ಸೆಪ್ಟೆಂಬರ್‌ನಲ್ಲಿ ಕಣ್ಣಿನಿಂದ ಹುಡುಕುವುದು ಬಿಟ್ಟು ಕಿವಿ ಕೊಡು ಅಂದರು. ಅಳಿಲುಗಳು ಹಿಕರಿ ಕಾಯಿ ಹಣ್ಣಾಗುವ ತನಕ ಕಾಯುವುದಿಲ್ಲವಂತೆ. ಬೆಳಗಿನ ಹೊತ್ತು ಹೋಗಿ ಸುಮ್ನೆ ನಿಂತೆ. ಇಪ್ಪತ್ತು ನಿಮಿಷದ ಮೇಲೆ ಮೇಲಿಂದ ಕಟಕಟ ಸದ್ದು, ಸಣ್ಣ ಮಳೆಯ ಹಾಗೆ ಸಿಪ್ಪೆಯ ಚೂರು ಬೀಳತೊಡಗಿತು. ಕಾಯಿ ಇದ್ದವು, ಕಡಿಮೆ ಇದ್ದವು ಅಷ್ಟೇ. ಒಂದು ಪೂರ್ತಿ ಕಾಲುಭಾಗದ ಸಿಪ್ಪೆ ಸಿಕ್ಕಿತು. ಅಂಚನ್ನು ಅಳೆದೆ, ಐದು ಮಿಲಿಮೀಟರ್. ಪಿಗ್‌ನಟ್‌ನದ್ದು ಸಾಮಾನ್ಯವಾಗಿ ಇದಕ್ಕಿಂತ ತೆಳ್ಳಗೆ ಇರುತ್ತದೆ, ಎಷ್ಟೋ ಸಲ ಪೂರ್ತಿ ಬಿರಿಯುವುದೂ ಇಲ್ಲ.

ಆ ಅಜ್ಜನ ಹಿತ್ತಲಲ್ಲೂ ಒಂದು ಮಾಕರ್‌ನಟ್ ಇದೆ. ಅದರ ಬೀಜ ಒಡೆದು ನೋಡು ಅಂತ ಕೊಟ್ಟರು. ಒರಳಿನ ಗುಂಡುಕಲ್ಲಿನಲ್ಲಿ ಐದಾರು ಏಟು ಬೇಕಾಯಿತು. ಗೋಡೆಯಂಥ ಚಿಪ್ಪು, ಒಳಗೆ ಸಂದಿಗೊಂದಿಯಲ್ಲಿ ಚೂರೇ ಚೂರು ತಿರುಳು. ಪಿನ್ನಿನಿಂದ ಎಬ್ಬಿಸಿ ಬಾಯಿಗೆ ಹಾಕಿದೆ. ಪೆಕಾನ್‌ಗಿಂತ ರುಚಿ. ಈ ನೆಲದ ಮೂಲ ಜನ ಇಂಥ ಬೀಜಗಳನ್ನು ಚಿಪ್ಪು ಸಮೇತ ಕುಟ್ಟಿ, ನೀರಿಗೆ ಹಾಕಿ, ಶೋಧಿಸಿ ಹಾಲು ತೆಗೆಯುತ್ತಿದ್ದರು. ಹಿಕರಿ ಅನ್ನುವ ಹೆಸರೇ ವರ್ಜೀನಿಯಾದ ಮೂಲ ಜನರ ಭಾಷೆಯಲ್ಲಿ ಆ ಹಾಲಿಗಿದ್ದ ಹೆಸರಿನಿಂದ ಬಂದಿದ್ದು. ಚೆರೊಕೀ ಜನ ಕುಟ್ಟಿದ ಬೀಜವನ್ನು ಉಂಡೆ ಕಟ್ಟಿಟ್ಟು, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಮಾಡುವ ಕನುಚಿ ಅನ್ನುವ ಅಡುಗೆ ಇವತ್ತಿಗೂ ಇದೆ. ಕಾಯಿಹಾಲು ಹಿಂಡಿ ಅಡುಗೆ ಮಾಡುವ ಮನೆಯಿಂದ ಬಂದವಳಿಗೆ ಇದು ಎಷ್ಟು ಹತ್ತಿರ ಅನ್ನಿಸಿತು ಅಂತ ಹೇಳಲಾರೆ.

ಅಕ್ಟೋಬರ್ ಎರಡನೇ ವಾರ ಕೊನೆಯ ಗುರುತು ಸಿಕ್ಕಿತು. ಮರದ ಬಗ್ಗಿದ ಒಂದು ಕೆಳಗಿನ ಕೊಂಬೆಯ ತುದಿಮೊಗ್ಗು. ಮಾಕರ್‌ನಟ್‌ನ ಮೊಗ್ಗಿಗೆ ಹೊರಗೆ ಕಂದು ಪೊರೆ ಇರುತ್ತದೆ. ಶರತ್ಕಾಲದಲ್ಲೇ ಅದು ಕಳಚಿ ಬಿದ್ದು, ಒಳಗಿನ ತಿಳಿ ಬಣ್ಣದ ರೇಷ್ಮೆಯಂಥ ಮೊಗ್ಗು ಕಾಣುತ್ತದೆ. ಬೆಳಗಿನ ಬಿಸಿಲಿನಲ್ಲಿ ಅದು ಮಿಂಚುತ್ತಿತ್ತು. ಒಂದೂವರೆ ಸೆಂಟಿಮೀಟರ್ ಉದ್ದ, ಹತ್ತಿಯ ಬತ್ತಿಯ ತುದಿಯಷ್ಟು ಮೆತ್ತಗೆ. ಕೀಳಲಿಲ್ಲ. ಅಳತೆಪಟ್ಟಿ ಹಿಡಿದು ಆರು ಫೋಟೊ ತೆಗೆದೆ.

ಮತ್ತೆ ಇಮೇಲ್. ಈ ಸಲ ನಾಲ್ಕೇ ದಿನಕ್ಕೆ ಉತ್ತರ. ಮಾಕರ್‌ನಟ್ ಹಿಕರಿ, ಅನುಮಾನ ಇಲ್ಲ, ಫೋಟೊ ಚೆನ್ನಾಗಿವೆ ಅಂತ.

ಒಟ್ಟು ಖರ್ಚು 204 ಡಾಲರ್. ಅದರಲ್ಲಿ 87 ಆ ಬಳ್ಳಿ ಮುಟ್ಟಿದ್ದಕ್ಕೆ. ನೀವು ಅದನ್ನು ಮುಟ್ಟದಿದ್ದರೆ, ದುರ್ಬೀನನ್ನು ಯಾರ ಹತ್ತಿರವಾದರೂ ಕೇಳಿ ಪಡೆದರೆ, ಐವತ್ತೆರಡು ಡಾಲರ್ ಸಾಕು. ಶುರು ಮಾಡಲು ಒಳ್ಳೆಯ ಕಾಲ ಅಂದರೆ ಈಗಲೇ, ಅಕ್ಟೋಬರ್ ಕೊನೆ. ಮೊಗ್ಗು, ಬಿದ್ದ ಸಿಪ್ಪೆ, ಬೀಜ ಮೂರೂ ಒಟ್ಟಿಗೆ ಸಿಗುತ್ತವೆ. ಎಲೆಗೆ ಮಾತ್ರ ಮುಂದಿನ ಬೇಸಿಗೆ ಕಾಯಿರಿ. ಒಂದೇ ಮರ ಆರಿಸಿಕೊಳ್ಳಿ, ಅದರ ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತು ಮಾಡಿ, ಪ್ರತಿ ತಿಂಗಳು ಅದಕ್ಕೇ ಹೋಗಿ.

ಆ ಮರದ ಬುಡದಲ್ಲಿ ಒಂದು ಕಲ್ಲಿನ ಸಾಲು ಇದೆ. ಈಗಿನ ಪಾರ್ಕ್ ಒಂದು ಕಾಲಕ್ಕೆ ಹೊಲಗಳಾಗಿತ್ತು. 1930ರ ದಶಕದಲ್ಲಿ ಸವೆದುಹೋದ ಆ ಜಮೀನನ್ನು ಸರ್ಕಾರ ಕೊಂಡು ಕಾಡಿಗೆ ಬಿಟ್ಟಿತು. ಕಪ್ಪು ಜನರಿಗೊಂದು, ಬಿಳಿಯರಿಗೊಂದು ಅಂತ ಎರಡು ಪಾರ್ಕ್ ಆಗಿದ್ದು 1966ರಲ್ಲಿ ಒಂದಾಯಿತು. ಆ ಕಲ್ಲುಗಳು ಯಾರದೋ ಹೊಲದ ಅಂಚೇ ಇರಬೇಕು ಅಂತ ನನ್ನ ಊಹೆ. ಹೋದ ಭಾನುವಾರ ಅಲ್ಲಿ ಕೂತು ಆಯಿಗೆ ವಿಡಿಯೊ ಕಾಲ್ ಮಾಡಿದೆ. ಕಿಟಕಿಯಲ್ಲಿದ್ದ ಅವಳ ಬೀಜವನ್ನೂ ಒಯ್ದಿದ್ದೆ. ಈ ವರ್ಷ ಬಿದ್ದ ಬೀಜದ ಪಕ್ಕದಲ್ಲಿ ಇಟ್ಟು ತೋರಿಸಿದೆ. ಅದೇ ನಾಲ್ಕು ಏಣು, ಅದೇ ಚೂಪು ತುದಿ. ಹೆಸರು ಹೇಳಿದೆ. ಅವಳು ಎರಡು ಸಲ ಹೇಳಿ ನೋಡಿದಳು.

"ಸೌದೆಗೆ ಹೆಂಗೆ?"

ತುಂಬ ಒಳ್ಳೆಯದಂತೆ ಆಯಿ, ಕೊಡಲಿ ಕಾವಿಗೂ ಇದನ್ನೇ ಹಾಕುತ್ತಾರೆ ಅಂದೆ. ಹೂಂ, ತೊಗಟೆ ನೋಡಿದ್ರೇ ಗೊತ್ತಾಗ್ತು ಅಂದಳು. ಅವಳ ಬೀಜವನ್ನು ಬುಡದಲ್ಲಿ ಎಲೆ ಸರಿಸಿ ಇಟ್ಟು, ಮತ್ತೆ ಎಲೆ ಮುಚ್ಚಿ ಬಂದೆ.